ತೋಟದ ಮನೆಗೆ ಯಾವ ಸಿಮ್, ಯಾವ ರೌಟರ್?

"ಅಕ್ಕಾ, ಒಂದು 5ಜಿ ರೌಟರ್ ಕೊಡಿ" ಅಂತ ಬರುವವರಿಗೆ ನಾನು ತಕ್ಷಣ ಪೆಟ್ಟಿಗೆ ತೆಗೆದು ಕೊಡುವುದಿಲ್ಲ. ಮೊದಲು ಮನೆ ಎಲ್ಲಿ ಅಂತ ಕೇಳುತ್ತೇನೆ. ಗುಡ್ಡದ ಈಚೆಯೋ, ಆಚೆಯೋ? ಮಾಳಿಗೆ ಮೇಲೆ ನಿಂತರೆ ಯಾವುದಾದರೂ ಟವರ್ ಕಣ್ಣಿಗೆ ಬೀಳುತ್ತಾ? ಈಗ ಫೋನಿನಲ್ಲಿ ಮಾತಾಡಲು ಎಲ್ಲಿ ಹೋಗಿ ನಿಲ್ಲುತ್ತೀರಿ? ಈ ಕೊನೆಯ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಕೊಟ್ಟಿಗೆ ಪಕ್ಕ, ಅಂಗಳದ ಮೂಲೆ, ದಣಪೆಯ ಹತ್ತಿರ. ಅರ್ಧ ಸರ್ವೆ ಅವರೇ ಮುಗಿಸಿರುತ್ತಾರೆ.

ಸಾಗರದ ಕಡೆ ನನ್ನದೊಂದು ಚಿಕ್ಕ ಮೊಬೈಲ್ ಅಂಗಡಿ. ಸಿಮ್, ರೀಚಾರ್ಜ್, ಡಿಸ್‌ಪ್ಲೇ ಬದಲಾಯಿಸುವುದು ದಿನದ ಕೆಲಸ. ಅದರ ಜೊತೆಗೆ ತೋಟದ ಮನೆಗಳಿಗೆ ರೌಟರ್, ಆಂಟೆನಾ ಕೂರಿಸಿಕೊಡುತ್ತೇನೆ. ಮಗ ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡಬೇಕು, ಮಗಳಿಗೆ ಆನ್‌ಲೈನ್ ಕ್ಲಾಸ್ ಇದೆ, ಅಡಿಕೆ ಧಾರಣೆ ನೋಡಬೇಕು, ಸಿಸಿಟಿವಿ ಹಾಕಬೇಕು. ಕಾರಣ ಒಬ್ಬೊಬ್ಬರದು ಒಂದೊಂದು. ಆದರೆ ಎಲ್ಲರೂ ಕೇಳುವುದು "ಎಷ್ಟು ಜಿ?" ಅಂತ. ಕೇಳಬೇಕಾದದ್ದು "ನಮ್ಮ ಮನೆಗೆ ಯಾವ ಬ್ಯಾಂಡ್ (ಅಂದರೆ ಟವರಿನ ಯಾವ ಫ್ರೀಕ್ವೆನ್ಸಿ) ಬರ್ತಾ ಇದೆ, ಎಷ್ಟು ಬಲವಾಗಿ ಬರ್ತಾ ಇದೆ?" ಅಂತ. ದುಡ್ಡು ಖರ್ಚು ಮಾಡುವ ಮೊದಲು ಇದನ್ನು ನೀವೇ ಕಂಡುಕೊಳ್ಳಬಹುದು. ಒಂದು ಫೋನ್, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಸಾಕು.

ಮೂಲೆಯ ಆ ಅಕ್ಷರ ಏನು ಹೇಳುತ್ತದೆ

ಫೋನಿನ ಮೇಲ್ಗಡೆ ಕಾಣುವ ಅಕ್ಷರ ನೀವು ಯಾವ ತಲೆಮಾರಿನ ಜಾಲಕ್ಕೆ ಸೇರಿದ್ದೀರಿ ಅಂತ ಮಾತ್ರ ಹೇಳುತ್ತದೆ. "ಜಿ" ಅಂದರೆ ಜಿಪಿಆರ್‌ಎಸ್, "ಇ" ಅಂದರೆ ಎಡ್ಜ್. ಎರಡೂ 2ಜಿ. "ಇ" ಇದ್ದಾಗ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಫೋಟೋ ತೆವಳುತ್ತದೆ, ವಿಡಿಯೋ ಆಸೆ ಬಿಡಬೇಕು. "ಎಚ್" ಮತ್ತು "ಎಚ್ ಪ್ಲಸ್" 3ಜಿಯವು. 4ಜಿ ಅಂದರೂ ಎಲ್‌ಟಿಇ ಅಂದರೂ ಒಂದೇ. "4ಜಿ ಪ್ಲಸ್" ಅಂತ ತೋರಿಸಿದರೆ ಫೋನ್ ಒಂದೇ ಸಲ ಎರಡು ಅಥವಾ ಹೆಚ್ಚು ಬ್ಯಾಂಡ್‌ಗಳಿಂದ ಡೇಟಾ ಎಳೆಯಬಲ್ಲದು ಅಂತ ಅರ್ಥ.

ಈ ನಿಯಮಗಳನ್ನೆಲ್ಲ ಬರೆಯುವುದು 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ. ಅದು 1998ರಲ್ಲಿ ಶುರುವಾಯಿತು. ಅದು ಆಗಾಗ ಹೊರತರುವ ನಿಯಮಗಳ ಕಂತಿಗೆ ರಿಲೀಸ್ ಅಂತ ಹೆಸರು. 8ನೇ ರಿಲೀಸ್‌ನಲ್ಲಿ 4ಜಿ ಬಂತು, 15ನೇದರಲ್ಲಿ 5ಜಿ. ರೌಟರ್ ಪೆಟ್ಟಿಗೆ ಮೇಲೆ ರಿಲೀಸ್, ಕ್ಯಾಟಗರಿ ಅಂತೆಲ್ಲ ಬರೆದಿರುತ್ತಾರಲ್ಲ, ಅದು ಇಲ್ಲಿಂದ ಬಂದದ್ದು.

ಎಲ್ಲ ತಂತ್ರಜ್ಞಾನವೂ ಬದುಕಿ ಉಳಿಯಲಿಲ್ಲ. ನಮ್ಮ ಕಡೆ ಹಳ್ಳಿ ಮನೆಗಳಲ್ಲಿ ಬಿಎಸ್‌ಎನ್‌ಎಲ್‌ನ ಡಬ್ಲ್ಯುಎಲ್‌ಎಲ್ ಫೋನ್ ಇತ್ತು, ನೆನಪಿದೆಯಾ? ಅದು ಸಿಡಿಎಂಎ ಅನ್ನುವ ಬೇರೆಯದೇ ತಂತ್ರಜ್ಞಾನ. ಟಾಟಾ ಫೋಟಾನ್ ಡಾಂಗಲ್ ಕೂಡ ಅದೇ ಜಾತಿ. ವೈಮ್ಯಾಕ್ಸ್ ಅಂತ ಇನ್ನೊಂದು ಬಂದು 4ಜಿ ಎದುರು ಸೋತು ಹೋಯಿತು. 3ಜಿಯನ್ನು ಏರ್‌ಟೆಲ್ 2020ರಲ್ಲಿ ದೇಶದಾದ್ಯಂತ ನಿಲ್ಲಿಸಿತು. ಜಿಯೋ 2016ರ ಸೆಪ್ಟೆಂಬರ್ 5ರಂದು ಶುರುವಾದಾಗಿಂದಲೂ ಅದಕ್ಕೆ 2ಜಿ, 3ಜಿ ಇಲ್ಲವೇ ಇಲ್ಲ. ಹಾಗಾಗಿ ಅಟ್ಟದ ಮೇಲಿರುವ ಹಳೇ ಡಾಂಗಲ್ ತಂದು "ಇದಕ್ಕೆ ಸಿಮ್ ಹಾಕಿಕೊಡಿ" ಅಂದರೆ ನನ್ನ ಕೈಲಿ ಏನೂ ಆಗುವುದಿಲ್ಲ. 2ಜಿ ಮಾತ್ರ ಇನ್ನೂ ಗಟ್ಟಿಯಾಗಿ ಕೂತಿದೆ, ಕೀಪ್ಯಾಡ್ ಫೋನಿನವರ ದಯೆಯಿಂದ.

5ಜಿ ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಶುರುವಾಯಿತು. ಇದರಲ್ಲಿ ಎರಡು ಬಗೆ. ಒಂದು 4ಜಿಯ ಹೆಗಲ ಮೇಲೆ ಕೂತು ಓಡುವ ಎನ್‌ಎಸ್‌ಎ. ಏರ್‌ಟೆಲ್ ಮೊದಲು ಹಾಕಿದ್ದು ಇದನ್ನು. ಇನ್ನೊಂದು ಸ್ವಂತ ಕಾಲ ಮೇಲೆ ನಿಂತ ಎಸ್‌ಎ, ಜಿಯೋದ್ದು. 5ಜಿ ಫೋನ್ ಇದ್ದೂ ಜಿಯೋ 5ಜಿ ಬರುತ್ತಿಲ್ಲ ಅಂದರೆ ಆ ಫೋನಿಗೆ ಎಸ್‌ಎ ಇದೆಯಾ, ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯಾ ನೋಡಿ.

ಬ್ಯಾಂಡ್: ಇಲ್ಲೇ ಇರುವುದು ಗುಟ್ಟು

ಒಂದೇ 4ಜಿ ಬೇರೆ ಬೇರೆ ಫ್ರೀಕ್ವೆನ್ಸಿಗಳ ಮೇಲೆ ಓಡುತ್ತದೆ. ಒಂದೊಂದಕ್ಕೂ ಒಂದು ಬ್ಯಾಂಡ್ ನಂಬರ್ ಇದೆ. 28ನೇ ಬ್ಯಾಂಡ್ ಅಂದರೆ 700 ಮೆಗಾಹರ್ಟ್ಸ್. 5 ಅಂದರೆ 850, 8 ಅಂದರೆ 900, 3 ಅಂದರೆ 1800, 1 ಅಂದರೆ 2100, 40 ಅಂದರೆ 2300. ನಂಬರಿನಲ್ಲಿ ಯಾವ ತರ್ಕವನ್ನೂ ಹುಡುಕಬೇಡಿ. 5ಜಿಯಲ್ಲಿ ನಂಬರಿನ ಮುಂದೆ ಒಂದು "ಎನ್" ಸೇರುತ್ತದೆ. ಎನ್28 ಅಂದರೆ ಅದೇ 700. ಎನ್78 ಅಂದರೆ 3300 ಮೆಗಾಹರ್ಟ್ಸ್ ಮತ್ತು ಅದರ ಮೇಲಿನದು, ಪೇಟೆಯಲ್ಲಿ ಜಾಸ್ತಿ ಸಿಗುವುದು ಅದೇ.

ಗಣಪತಿ ಬಿಡುವ ದಿನ ದೂರದ ಊರಿನ ಡಿಜೆ ಕೇಳಿದ್ದೀರಲ್ಲ? ಹಾಡಿನ ಮಾತು ಒಂದೂ ತಿಳಿಯುವುದಿಲ್ಲ, ಬಾಸಿನ ಧಂ ಧಂ ಮಾತ್ರ ಗೋಡೆ ದಾಟಿ ಬರುತ್ತದೆ. ರೇಡಿಯೋ ತರಂಗವೂ ಹಾಗೇ. 700, 850, 900 ದೂರ ಹೋಗುತ್ತವೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗುತ್ತವೆ, ಚಿರೆಕಲ್ಲಿನ ಗೋಡೆಯನ್ನು ಹೇಗೋ ದಾಟುತ್ತವೆ. 2300 ಮತ್ತು 3300 ಮರದ ತೋಪಿಗೇ ಸುಸ್ತಾಗುತ್ತವೆ. ಅಡಿಕೆ ತೋಟದ ನಡುವಿನ ತಗ್ಗಿನ ಮನೆಗೆ ಎನ್78 ಬರುವ ಆಸೆ ಇಟ್ಟುಕೊಳ್ಳಬೇಡಿ, ಟವರ್ ಎದುರಿಗೇ ಇದ್ದರೆ ಮಾತು ಬೇರೆ.

ಹಾಗಾದರೆ ಎಲ್ಲ ಕಡೆ 850 ಹಾಕಿದರೆ ಆಯಿತಲ್ಲ? ಆಗುವುದಿಲ್ಲ. ಕೆಳಗಿನ ಬ್ಯಾಂಡ್‌ಗಳಲ್ಲಿ ಜಾಗ ಕಡಿಮೆ. ಒಂದು ಕಂಪನಿಗೆ 5 ಮೆಗಾಹರ್ಟ್ಸ್ ಜಾಗ ಇದ್ದರೆ ಎರಡು ಆಂಟೆನಾದ 4ಜಿಯಲ್ಲಿ ಕಾಗದದ ಮೇಲೆ ಸಿಗುವುದು ಸುಮಾರು 37 ಎಂಬಿಪಿಎಸ್. 10 ಇದ್ದರೆ 75ರ ಹತ್ತಿರ, 20 ಇದ್ದರೆ 150. ಅದನ್ನೂ ಆ ಟವರಿನ ಆ ದಿಕ್ಕಿನಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು. ರಾತ್ರಿ ಊಟದ ಹೊತ್ತಿಗೆ ಇಡೀ ಊರು ಮೊಬೈಲ್ ಹಿಡಿದಾಗ ನಿಮ್ಮ ಪಾಲಿಗೆ ಎಷ್ಟು ಉಳಿದೀತು? ಕಡ್ಡಿ ಫುಲ್ ಇದ್ದೂ ಯೂಟ್ಯೂಬ್ ತಿರುಗುತ್ತಾ ಕೂರುವುದು ಇದಕ್ಕೇ.

ಕರ್ನಾಟಕದಲ್ಲಿ ಜಿಯೋ 4ಜಿ 850, 1800, 2300ರಲ್ಲಿ ಓಡುತ್ತದೆ. ಏರ್‌ಟೆಲ್ ಹತ್ತಿರ 900, 1800, 2100, 2300 ಇವೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 700 ಮತ್ತು 2100ರಲ್ಲಿ ಹಾಕುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಉದ್ಘಾಟನೆ ಆಯಿತು. ಆ ಟವರಿನ ರೇಡಿಯೋಗಳನ್ನು ಮಾಡಿದ ತೇಜಸ್ ನೆಟ್‌ವರ್ಕ್ಸ್ ನಮ್ಮ ಬೆಂಗಳೂರಿನದೇ. ಆದರೆ ಒಂದು ತೊಡಕಿದೆ. ಹಳೇ ಕಡಿಮೆ ಬೆಲೆಯ 4ಜಿ ಫೋನು, ರೌಟರ್‌ಗಳಲ್ಲಿ ಎಷ್ಟೋ ಸಲ 28ನೇ ಬ್ಯಾಂಡ್ ಇರುವುದಿಲ್ಲ. "ಪಕ್ಕದ ಮನೆಯವರಿಗೆ ಬರುತ್ತೆ, ನಮಗೆ ಬರಲ್ಲ" ಅಂತ ಜಗಳಕ್ಕೆ ಬಂದವರ ಫೋನ್ ತೆಗೆದು ನೋಡಿದರೆ ಕಾರಣ ಇಷ್ಟೇ ಇರುತ್ತದೆ. ಫೋನಿನ ಮಾಡೆಲ್ ಹೆಸರು ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಬ್ಯಾಂಡ್‌ಗಳ ಪಟ್ಟಿ ನೋಡಿ. ಐದು ನಿಮಿಷದ ಕೆಲಸ.

ಅಮೆರಿಕದಿಂದ ಅಳಿಯ ತಂದುಕೊಟ್ಟ ಫೋನಿಗೂ ಇದೇ ಪರೀಕ್ಷೆ ಮಾಡಿ. ಅಲ್ಲಿಯ ಕೆಲವು ಮಾಡೆಲ್‌ಗಳಲ್ಲಿ ನಮ್ಮ 40ನೇ ಬ್ಯಾಂಡ್ ಇರುವುದಿಲ್ಲ. ಕೆಲವು ಅಲ್ಲಿಯ ಕಂಪನಿಗೆ ಲಾಕ್ ಆಗಿರುತ್ತವೆ. ಅಲ್ಲಿ ಮಾರುವ ಐಫೋನ್ 14 ಮತ್ತು ನಂತರದವಕ್ಕೆ ಸಿಮ್ ಹಾಕುವ ತಟ್ಟೆಯೇ ಇಲ್ಲ, ಇ-ಸಿಮ್ಮೇ ಗತಿ.

ಅಳೆಯುವುದು ಹೇಗೆ

ಕಡ್ಡಿಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅಂತ ಫೋನ್ ಮಾಡುವವರು ತಮಗೆ ತೋಚಿದ ಹಾಗೆ ಇಟ್ಟುಕೊಂಡಿರುತ್ತಾರೆ. ಒಂದೇ ಜಾಗದಲ್ಲಿ ಒಂದು ಫೋನ್ ನಾಲ್ಕು ಕಡ್ಡಿ, ಇನ್ನೊಂದು ಎರಡು ಕಡ್ಡಿ ತೋರಿಸಬಹುದು. ಬೇಕಾದದ್ದು ಸಿಗ್ನಲಿನ ಬಲ ಅಳೆಯುವ ಡಿಬಿಎಂ ಅನ್ನುವ ಅಂಕಿ.

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಕಾಣುತ್ತದೆ. ಇನ್ನೂ ವಿವರ ಬೇಕಾದರೆ ನೆಟ್‌ಮಾನ್‌ಸ್ಟರ್ ಅಥವಾ ನೆಟ್‌ವರ್ಕ್ ಸೆಲ್ ಇನ್ಫೋ ಥರದ ಆಪ್ ಹಾಕಿಕೊಳ್ಳಿ. ಯಾವ ಬ್ಯಾಂಡ್ ಅಂತಲೂ ಅದು ಹೇಳುತ್ತದೆ. ಐಫೋನಿನವರು *3001#12345#* ಒತ್ತಿ ಕಾಲ್ ಬಟನ್ ಮುಟ್ಟಿದರೆ ಫೀಲ್ಡ್ ಟೆಸ್ಟ್ ಪರದೆ ತೆರೆದುಕೊಳ್ಳುತ್ತದೆ.

ಅಲ್ಲಿ ಎರಡು ಅಂಕಿ ಮುಖ್ಯ. ಮೊದಲನೆಯದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ದನಿ ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದು. ಇದು ಯಾವಾಗಲೂ ಮೈನಸ್‌ನಲ್ಲೇ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು. ಮೈನಸ್ 80 ಅಥವಾ ಅದಕ್ಕಿಂತ ಮೇಲೆ ಇದ್ದರೆ ನಿಮ್ಮ ಅದೃಷ್ಟ. ಮೈನಸ್ 90ರಿಂದ 100ರವರೆಗೆ ಸರಾಗವಾಗಿ ನಡೆಯುತ್ತದೆ. ಮೈನಸ್ 110 ಅಂದರೆ ಕುಂಟುತ್ತಿದೆ. ಮೈನಸ್ 120ಕ್ಕೆ ಫೋನ್ ಇನ್ನೇನು ಕೈಬಿಡುತ್ತದೆ. ಇಲ್ಲಿ 10ರ ವ್ಯತ್ಯಾಸ ಅಂದರೆ ಶಕ್ತಿಯಲ್ಲಿ ಹತ್ತು ಪಟ್ಟು. 3ರ ವ್ಯತ್ಯಾಸ ಅಂದರೆ ಎರಡು ಪಟ್ಟು. ಹಾಗಾಗಿ ಮೈನಸ್ 108 ಇದ್ದದ್ದು ಮೈನಸ್ 98 ಆದರೆ ಸಣ್ಣ ಲಾಭ ಅಲ್ಲ.

ಎರಡನೆಯದು ಎಸ್‌ಐಎನ್‌ಆರ್. ಗದ್ದಲದ ನಡುವೆ ಟವರಿನ ದನಿ ಎಷ್ಟು ಸ್ಪಷ್ಟ ಅನ್ನುವುದು ಇದು. 20 ದಾಟಿದರೆ ಬಹಳ ಚೆನ್ನ. 10ರ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಆರ್‌ಎಸ್‌ಆರ್‌ಪಿ ಎಷ್ಟೇ ಚೆನ್ನಾಗಿದ್ದರೂ ಉಪಯೋಗ ಕಡಿಮೆ. ಗುಡ್ಡದ ತುದಿಯ ಮನೆಯವರಿಗೆ ಈ ಕಾಟ ಜಾಸ್ತಿ. ಅವರಿಗೆ ನಾಲ್ಕು ದಿಕ್ಕಿನ ಟವರೂ ಕೇಳಿಸುತ್ತದೆ, ಒಂದರ ಮಾತೂ ನೆಟ್ಟಗೆ ಕೇಳುವುದಿಲ್ಲ.

ಈಗ ಮನೆ ಸುತ್ತ ಒಂದು ಸುತ್ತು ಹಾಕಿ. ಜಗಲಿ, ಮಾಳಿಗೆ, ಅಡಿಕೆ ಒಣಗಿಸುವ ಚಪ್ಪರ, ನೀರಿನ ಟ್ಯಾಂಕಿನ ಪಕ್ಕ. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ಅಲ್ಲಾಡದೆ ನಿಂತು ಬ್ಯಾಂಡ್ ಮತ್ತು ಎರಡೂ ಅಂಕಿ ಬರೆದುಕೊಳ್ಳಿ. ಆಮೇಲೆ ಸ್ಪೀಡ್ ನೋಡಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಮೈಸ್ಪೀಡ್ ಆಪ್ ಸಾಕು. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ 9ರ ಹೊತ್ತಿಗೆ ಒಮ್ಮೆ. ಅಂಕಿ ಒಂದೇ ಇದ್ದು ರಾತ್ರಿ ಮಾತ್ರ ಸ್ಪೀಡ್ ಬಿದ್ದರೆ ತೊಂದರೆ ಜನಸಂದಣಿಯದ್ದು. ನೀವು ಎಷ್ಟು ದೊಡ್ಡ ಆಂಟೆನಾ ಹಾಕಿದರೂ ಅದು ಸರಿಹೋಗುವುದಿಲ್ಲ. ಬ್ಯಾಂಡ್ ಬದಲಿಸಬೇಕು, ಇಲ್ಲವೇ ಕಂಪನಿ ಬದಲಿಸಬೇಕು.

ಅಪ್‌ಲೋಡ್ ಕೂಡ ಬರೆದಿಟ್ಟುಕೊಳ್ಳಿ. ಮನೆಯಿಂದ ಕೆಲಸ ಮಾಡುವವರ ಮೀಟಿಂಗ್ ಕೆಡುವುದು ಜಾಸ್ತಿ ಇದರಿಂದಲೇ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. ಫೋನ್ ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ ಉತ್ತರ ಕೊಡುತ್ತದೆ. ನಿಮಗೆ ಅವರ ಮುಖ ಕಾಣುತ್ತದೆ, ಅವರಿಗೆ ನಿಮ್ಮ ದನಿ ತುಂಡು ತುಂಡಾಗುತ್ತದೆ, ಅಲ್ವಾ? ಕಾರಣ ಇದು.

ಎಂಬಿಪಿಎಸ್ ಅಂದರೆ ಬಿಟ್ ಲೆಕ್ಕ, ಫೈಲಿನ ಅಳತೆ ಬೈಟ್ ಲೆಕ್ಕ. 8ರಿಂದ ಭಾಗಿಸಿಕೊಳ್ಳಿ. 10 ಎಂಬಿಪಿಎಸ್‌ನಲ್ಲಿ 1 ಜಿಬಿ ಇಳಿಯಲು 13ರಿಂದ 14 ನಿಮಿಷ ಬೇಕು. ಸರ್ಕಾರದ ಪ್ರಕಾರ 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಸಾಕು. ಅದಕ್ಕೂ ಮೊದಲು 512 ಕೆಬಿಪಿಎಸ್‌ಗೇ ಆ ಹೆಸರು ಕೊಡುತ್ತಿದ್ದರು!

ದುಡ್ಡಿಲ್ಲದೆ ಆಗುವ ರಿಪೇರಿ

5ಜಿ ಅಂಚಿನಲ್ಲಿರುವ ಮನೆಗಳಲ್ಲಿ ಫೋನ್ 5ಜಿ, 4ಜಿ ಅಂತ ಹಾರಾಡುತ್ತಾ ಬ್ಯಾಟರಿ ತಿನ್ನುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಅನ್ನು 4ಜಿಗೆ ಇಡಿ. ನಾನು ಇದನ್ನು ಹೇಳಿದರೆ "ದುಡ್ಡು ಕೊಟ್ಟು 5ಜಿ ಫೋನ್ ತಗೊಂಡಿದೀನಿ" ಅಂತ ಮುಖ ಊದಿಸಿಕೊಳ್ಳುತ್ತಾರೆ. ಒಂದು ವಾರ ಇಟ್ಟು ನೋಡಲಿ.

ಇದರ ತದ್ವಿರುದ್ಧ, ಕೆಲವು ಫೋನ್‌ಗಳು 4ಜಿ ಇದ್ದರೂ 2ಜಿಗೆ ಜಾರಿ ಅಲ್ಲೇ ಕೂರುತ್ತವೆ. ಆಗ *#*#4636#*#* ಒತ್ತಿ ಬರುವ ಪರದೆಯಲ್ಲಿ ಎಲ್‌ಟಿಇ ಓನ್ಲಿ ಆಯ್ದುಕೊಳ್ಳಬಹುದು. ಎಲ್ಲ ಕಂಪನಿಯ ಫೋನಿನಲ್ಲೂ ಇದು ತೆರೆಯುವುದಿಲ್ಲ. ಎಚ್ಚರ ಏನೆಂದರೆ, ವೋಲ್ಟಿ, ಅಂದರೆ 4ಜಿ ಮೂಲಕವೇ ಕಾಲ್ ಹೋಗುವ ಸೌಕರ್ಯ, ಆನ್ ಇರಲೇಬೇಕು. ಇಲ್ಲದಿದ್ದರೆ ನೆಟ್ ಬರುತ್ತದೆ, ಕಾಲ್ ಬರುವುದಿಲ್ಲ. ವೋಲ್ಟಿ ಇಲ್ಲದ 4ಜಿ ಫೋನ್ ಕರೆ ಬಂದಾಗಲೆಲ್ಲ 2ಜಿಗೆ ಇಳಿಯಬೇಕಾಗುತ್ತದೆ. ಜಿಯೋದಲ್ಲಿ ಇಳಿಯಲು 2ಜಿಯೇ ಇಲ್ಲ.

ಮನೆಗೆ ಫೈಬರ್ ಇದೆ, ಆದರೆ ಮೊಬೈಲ್ ಸಿಗ್ನಲ್ ಇಲ್ಲ ಅನ್ನುವವರು ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಶುರುವಿಗೆ ಇದನ್ನು ಕೊಟ್ಟವು. ಸಿಮ್ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಅಷ್ಟೇ. ಬೇರೆ ಆಪ್ ಬೇಡ, ಬೇರೆ ದುಡ್ಡೂ ಇಲ್ಲ. ಮಾಮೂಲಿ ನಂಬರಿಗೆ ಮಾಮೂಲಿ ಕಾಲ್ ವೈಫೈ ಮೂಲಕ ಬರುತ್ತದೆ. ವಯಸ್ಸಾದ ಅಪ್ಪ ಅಮ್ಮ ಮಾತಾಡಲು ಅಂಗಳದ ಮೂಲೆಗೆ ಓಡುವುದು ತಪ್ಪಿದರೆ ಅದಕ್ಕಿಂತ ಏನು ಬೇಕು?

ರೌಟರ್ ಮತ್ತು ಆಂಟೆನಾ

ಅಳೆದದ್ದಾಯಿತು. ಮಾಳಿಗೆ ಮೇಲೆ ಮೈನಸ್ 100, ಒಳಗೆ ಮೈನಸ್ 115 ಅಂತ ಇಟ್ಟುಕೊಳ್ಳೋಣ. ನಮ್ಮ ಕಡೆ ಇದು ತೀರಾ ಮಾಮೂಲಿ. ಇಂಥ ಮನೆಗೆ ಸಿಮ್ ಹಾಕುವ 4ಜಿ ರೌಟರ್ ಒಳ್ಳೆಯ ದಾರಿ.

ಪೆಟ್ಟಿಗೆ ಮೇಲೆ ಕ್ಯಾಟ್ 4 ಅಂದರೆ ಇಳಿಕೆ ಗರಿಷ್ಠ 150, ಏರಿಕೆ 50 ಎಂಬಿಪಿಎಸ್. ಕ್ಯಾಟ್ 6 ಎರಡು ಬ್ಯಾಂಡ್ ಸೇರಿಸಿ 300ರವರೆಗೆ ಹೋಗುತ್ತದೆ. ಹಳ್ಳಿಯಲ್ಲಿ ಈ ಅಂಕಿ ಯಾವತ್ತೂ ಮುಟ್ಟುವುದಿಲ್ಲ. ಆದರೂ ಎರಡು ಬ್ಯಾಂಡ್ ಸೇರುವ ಲಾಭ ನಿಜ. ಕೈಲಾದರೆ ಕ್ಯಾಟ್ 6 ತೆಗೆದುಕೊಳ್ಳಿ. ಅದಕ್ಕಿಂತ ಮುಖ್ಯವಾಗಿ ಮೂರು ವಿಷಯ ನೋಡಿ. ನಿಮ್ಮ ನೋಟ್‌ಬುಕ್ಕಿನಲ್ಲಿರುವ ಬ್ಯಾಂಡ್ ಅದರಲ್ಲಿ ಇರಬೇಕು. ಹಿಂದೆ ಹೊರಗಿನ ಆಂಟೆನಾಕ್ಕೆ ಎಸ್‌ಎಂಎ ಸಾಕೆಟ್ ಎರಡು ಇರಬೇಕು. ಬ್ಯಾಂಡ್ ಲಾಕ್ ಮಾಡುವ ಸೌಕರ್ಯ ಇದ್ದರೆ ಇನ್ನೂ ಒಳ್ಳೆಯದು.

ಬ್ಯಾಂಡ್ ಲಾಕ್ ಯಾಕೆ ಅಂದರೆ, ರೌಟರಿಗೆ ಬಿಟ್ಟರೆ ಅದು ಜೋರಾಗಿ ಕೇಳುವ 850ಕ್ಕೆ ಹೋಗಿ ಅಂಟಿಕೊಳ್ಳುವುದು ಜಾಸ್ತಿ. ಆದರೆ ಮೈನಸ್ 85ರ ಕಿಕ್ಕಿರಿದ 850ಕ್ಕಿಂತ ಮೈನಸ್ 105ರ ಖಾಲಿ 2300 ಎಷ್ಟೋ ಸಲ ವೇಗ. ಲಾಕ್ ಮಾಡಿ, ಸ್ಪೀಡ್ ನೋಡಿ, ಬರೆದುಕೊಳ್ಳಿ. ಒಂದೊಂದೇ ಬ್ಯಾಂಡ್ ಹೀಗೆ ಪರೀಕ್ಷಿಸಿ. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಡುವುದು ಇದೇ.

ಆಂಟೆನಾ ವಿಷಯದಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಕೇಬಲ್ಲಿನಲ್ಲಿ. ಮಾಳಿಗೆಯ ಮೇಲೆ ಆಂಟೆನಾ, ಕೆಳಗೆ ಟಿವಿ ಪಕ್ಕ ರೌಟರ್, ನಡುವೆ 15 ಮೀಟರ್ ತೆಳು ಕರಿ ಕೇಬಲ್. ಆ ತೆಳು ಆರ್‌ಜಿ58 ಕೇಬಲ್ 4ಜಿ ತರಂಗವನ್ನು 5 ಮೀಟರಿನಲ್ಲೇ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ. ಮೇಲೆ ಗಳಿಸಿದ್ದೆಲ್ಲ ದಾರಿಯಲ್ಲೇ ಖರ್ಚು. ಸರಿಯಾದ ಉಪಾಯ ಅಂದರೆ ರೌಟರನ್ನೇ ಮೇಲೆ ಇಡುವುದು, ಆಂಟೆನಾ ಕೇಬಲ್ ಒಂದೆರಡು ಮೀಟರಿಗೆ ಮುಗಿಸುವುದು, ಅಲ್ಲಿಂದ ಕೆಳಗೆ ಲ್ಯಾನ್ ಕೇಬಲ್ ಎಳೆಯುವುದು. ಲ್ಯಾನ್ ಕೇಬಲ್ 100 ಮೀಟರಿನವರೆಗೆ ವೇಗ ಕಳೆದುಕೊಳ್ಳುವುದಿಲ್ಲ. ಕೆಳಗೆ ಇನ್ನೊಂದು ಸಾದಾ ವೈಫೈ ರೌಟರ್ ಇಟ್ಟರೆ ಮುಗಿಯಿತು. ಬಿಸಿಲು ಮಳೆ ತಡೆಯುವ ಹೊರಾಂಗಣದ ರೌಟರ್‌ಗಳೂ ಸಿಗುತ್ತವೆ. ಅವಕ್ಕೆ ಕರೆಂಟೂ ಲ್ಯಾನ್ ಕೇಬಲ್ಲಿನಲ್ಲೇ ಹೋಗುತ್ತದೆ. ಪೈಪಿಗೆ ಕಟ್ಟಿ ಟವರಿನ ಕಡೆ ತಿರುಗಿಸಿದರೆ ಆಯಿತು.

ತಿರುಗಿಸುವುದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ, ಒಬ್ಬರು ರೌಟರ್ ಪೇಜ್ ತೆರೆದುಕೊಂಡು ಕೆಳಗೆ. ಸ್ವಲ್ಪ ತಿರುಗಿಸಿ ಒಂದು ನಿಮಿಷ ಕಾಯಿರಿ, ಅಂಕಿ ನಿಲ್ಲಲಿ, ಆಮೇಲೆ ಮತ್ತೆ ತಿರುಗಿಸಿ. ಆರ್‌ಎಸ್‌ಆರ್‌ಪಿ ಜೊತೆ ಎಸ್‌ಐಎನ್‌ಆರ್ ಎಲ್ಲಿ ಹೆಚ್ಚುತ್ತದೋ ಅಲ್ಲಿ ಬಿಗಿ ಮಾಡಿ. ಎರಡು ಬಿಡಿ ಆಂಟೆನಾ ಇದ್ದರೆ ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ. ಎರಡು ಸಾಕೆಟ್ ಇರುವಾಗ ಒಂದೇ ಆಂಟೆನಾ ಹಾಕಿದರೆ ಅರ್ಧ ವೇಗ ಬಿಟ್ಟುಕೊಟ್ಟ ಹಾಗೆ.

ಸಿಮ್ ಹಾಕಿದ ಮೇಲೂ ನೆಟ್ ಬರದಿದ್ದರೆ ಎಪಿಎನ್ ನೋಡಿ, ಅಂದರೆ ಕಂಪನಿಯ ಡೇಟಾ ಜಾಲಕ್ಕೆ ಸೇರಲು ಸೆಟ್ಟಿಂಗಿನಲ್ಲಿ ಹಾಕುವ ಹೆಸರು. ಜಿಯೋದ್ದು ಜಿಯೋನೆಟ್, ಬಿಎಸ್‌ಎನ್‌ಎಲ್‌ದು ಬಿಎಸ್‌ಎನ್‌ಎಲ್‌ನೆಟ್, ಎಲ್ಲ ಸಣ್ಣಕ್ಷರದ ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ. ಪ್ಯಾಕ್ ಹಾಕುವಾಗ ದಿನದ ಮಿತಿ ಲೆಕ್ಕ ಹಾಕಿ. ಒಂದು ಗಂಟೆಯ ಒಳ್ಳೆ ಗುಣಮಟ್ಟದ ವಿಡಿಯೋ ಮೀಟಿಂಗ್ ಸುಮಾರು 1 ಜಿಬಿ ತಿನ್ನುತ್ತದೆ. ಮಿತಿ ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವುದು 64 ಕೆಬಿಪಿಎಸ್. ಅದರಲ್ಲಿ ಏನೂ ಆಗುವುದಿಲ್ಲ.

ಆನ್‌ಲೈನಿನಲ್ಲಿ "ಸಿಗ್ನಲ್ ಬೂಸ್ಟರ್" ಅಂತ ಮಾರುತ್ತಾರಲ್ಲ, ಅದನ್ನು ನಾನು ಮಾರುವುದಿಲ್ಲ, ಕೂರಿಸುವುದೂ ಇಲ್ಲ. ಟವರಿನ ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅದು ಸರಿಯಿಲ್ಲದಿದ್ದರೆ ಟವರಿಗೇ ಗದ್ದಲ ತುಂಬಿ ಸುತ್ತಲಿನ ಎಲ್ಲರ ನೆಟ್ ಕೆಡಿಸುತ್ತದೆ.

ಏಪ್ರಿಲ್, ಮೇ ತಿಂಗಳಿನ ಗುಡುಗಿಗೆ ಮಾಳಿಗೆ ಮೇಲಿನ ಸಾಮಾನು ಮೊದಲ ಬಲಿ. ಮೋಡ ಕಪ್ಪಾದ ಕೂಡಲೇ ಕರೆಂಟಿನ ಪ್ಲಗ್ ಮಾತ್ರ ಅಲ್ಲ, ಲ್ಯಾನ್ ಕೇಬಲನ್ನೂ ಎಳೆದುಬಿಡಿ. ಸಿಡಿಲು ಜಾಸ್ತಿ ಸಲ ಬರುವುದು ಅದೇ ದಾರಿಯಲ್ಲಿ.

ಮನೆಯೊಳಗಿನ ವೈಫೈ

ಇಲ್ಲೊಂದು ಗೊಂದಲ ಬಿಡಿಸಲೇಬೇಕು. ನಿಮ್ಮ ವೈಫೈ ಪಟ್ಟಿಯಲ್ಲಿ ಹೆಸರಿನ ಕೊನೆಗೆ "5ಜಿ" ಅಂತ ಇರುತ್ತದಲ್ಲ, ಅದಕ್ಕೂ 5ಜಿ ಮೊಬೈಲಿಗೂ ಸಂಬಂಧ ಇಲ್ಲ. ಅದು 5 ಗಿಗಾಹರ್ಟ್ಸ್ ವೈಫೈ. ಒಂದೇ ಕೋಣೆಯೊಳಗೆ ಅದು ವೇಗ. ನಮ್ಮ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಅದರ ಕಥೆ ಮುಗಿಯುತ್ತದೆ. ಅಡುಗೆಮನೆ, ಕೊಟ್ಟಿಗೆ ಕಡೆಗೆ 2.4 ಗಿಗಾಹರ್ಟ್ಸ್ ಇಟ್ಟುಕೊಳ್ಳಿ. ವೈಫೈ 5, ವೈಫೈ 6 ಅನ್ನುವುದು ವೈಫೈನ ತಲೆಮಾರು. ಅದರ ನಿಯಮ ಬರೆಯುವವರು ಬೇರೆ, ಐಟ್ರಿಪಲ್‌ಇ ಅನ್ನುವ ಸಂಸ್ಥೆ. ಟವರಿನಿಂದ 8 ಎಂಬಿಪಿಎಸ್ ಬರುತ್ತಿರುವ ಮನೆಗೆ ದುಬಾರಿ ವೈಫೈ 6 ರೌಟರ್ ತಂದರೆ ಒಳಗೂ ಅದೇ 8 ಎಂಬಿಪಿಎಸ್.

ಮಳೆಗಾಲ

"ಮಳೆ ಬಂದ್ರೆ ನೆಟ್ ಹೋಗುತ್ತೆ" ಅನ್ನುವುದು ನಿಜ. ಆದರೆ ನಿಮ್ಮ ಫೋನಿನ ಸಿಗ್ನಲನ್ನು ಮಳೆಹನಿ ತಡೆಯುವುದು ತೀರಾ ಅತ್ಯಲ್ಪ. 4ಜಿಯ ತರಂಗದ ಉದ್ದವೇ ಹತ್ತಾರು ಸೆಂಟಿಮೀಟರ್. ಹನಿ ಅದಕ್ಕೆ ಲೆಕ್ಕಕ್ಕಿಲ್ಲ. ಒದ್ದೆ ಎಲೆಗಳ ದಟ್ಟಣೆ ಸ್ವಲ್ಪ ತಡೆಯುತ್ತದೆ, ಅಷ್ಟೇ. ನಿಜವಾದ ಕಾರಣ ಟವರಿನ ಹಿಂದೆ ಇರುತ್ತದೆ. ಮರ ಬಿದ್ದು ಲೈನ್ ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆಗಳಿಗೆ ಖಾಲಿಯಾಗುತ್ತದೆ, ಜನರೇಟರಿಗೆ ಡೀಸೆಲ್ ಬಂದಿರುವುದಿಲ್ಲ. ಅಥವಾ ರಸ್ತೆ ಕೆಲಸದವರು ಫೈಬರ್ ಕತ್ತರಿಸಿರುತ್ತಾರೆ. ಕೆಲವು ಗುಡ್ಡದ ಟವರ್‌ಗಳಿಗೆ ಫೈಬರ್ ಇಲ್ಲ. ಪಕ್ಕದ ಟವರಿನಿಂದ ಮೈಕ್ರೋವೇವ್ ಡಿಶ್ ಮೂಲಕ ಸಂಪರ್ಕ ಇರುತ್ತದೆ. ಆ ಡಿಶ್‌ಗಳು ಬಹಳ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಓಡುತ್ತವೆ. ಜಡಿಮಳೆ ಅವನ್ನು ನಿಜಕ್ಕೂ ಕೆಡಿಸುತ್ತದೆ.

ಪತ್ತೆ ಹಚ್ಚುವುದು ಸುಲಭ. ಆರ್‌ಎಸ್‌ಆರ್‌ಪಿ ಎಂದಿನಂತೆಯೇ ಇದ್ದು ನೆಟ್ ಮಾತ್ರ ಇಲ್ಲದಿದ್ದರೆ ತೊಂದರೆ ಟವರಿನ ಹಿಂದಿನ ಸಂಪರ್ಕದಲ್ಲಿ. ಸಿಗ್ನಲ್ಲೇ ಮಾಯವಾದರೆ ಟವರಿಗೆ ಕರೆಂಟಿಲ್ಲ. ಎರಡರಲ್ಲೂ ನಿಮ್ಮ ರೌಟರನ್ನು ಬೈದು ಪ್ರಯೋಜನ ಇಲ್ಲ.

ಆಪತ್ತಿಗೆ ಇನ್ನೊಂದು ಕಂಪನಿಯ ಸಿಮ್ ಇಟ್ಟುಕೊಳ್ಳುವವರಿದ್ದಾರೆ. ಒಳ್ಳೆಯದೇ. ಆದರೆ ಎರಡೂ ಕಂಪನಿ ಒಂದೇ ಕಂಬದ ಮೇಲೆ ಇವೆಯಾ ನೋಡಿಕೊಳ್ಳಿ. ಟವರ್ ಹಂಚಿಕೊಳ್ಳುವುದು ಮಾಮೂಲಿ. ಒಂದೇ ಕಂಬ, ಒಂದೇ ಬ್ಯಾಟರಿ ಆದರೆ ಎರಡೂ ಒಟ್ಟಿಗೇ ಮಲಗುತ್ತವೆ. ಬೇರೆ ದಿಕ್ಕಿನ ಟವರಿನಿಂದ ಬರುವ ಸಿಮ್ ಸ್ವಲ್ಪ ನಿಧಾನವಾಗಿದ್ದರೂ ಮಳೆಗಾಲಕ್ಕೆ ಅದೇ ವಾಸಿ.

ದೂರು ಮತ್ತು ಪೋರ್ಟ್

ಟವರಿನ ತೊಂದರೆ ಅಂತ ಖಾತ್ರಿಯಾದರೆ 198ಕ್ಕೆ ಫೋನ್ ಮಾಡಿ. ದೂರಿನ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. "ನೆಟ್ ಬರ್ತಿಲ್ಲ" ಅನ್ನುವುದರ ಬದಲು "ಇಂಥ ದಿನದಿಂದ ಸಿಗ್ನಲ್ ಮೈನಸ್ 95 ಇದ್ದೂ ಡೇಟಾ ಓಡುತ್ತಿಲ್ಲ, 3ನೇ ಬ್ಯಾಂಡ್" ಅಂತ ಹೇಳಿ. ಆ ಕಡೆಯವರ ದನಿಯೇ ಬದಲಾಗುತ್ತದೆ. ದೂರು ಸುಮ್ನೆ ಮುಚ್ಚಿದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ.

ಕಂಪನಿ ಬದಲಿಸುವ ಮೊದಲು ನೆಂಟರ ಹತ್ತಿರ ಆ ಕಂಪನಿಯ ಸಿಮ್ ಇರುವ ಫೋನ್ ಇಸಿದುಕೊಂಡು ಮನೆ ಸುತ್ತ ಅದೇ ಸುತ್ತು ಹಾಕಿ, ಅದೇ ಅಂಕಿ ಬರೆಯಿರಿ. ಕಂಪನಿಯ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಇರುತ್ತದೆ, ಅದನ್ನೂ ನೋಡಿ. ಆದರೆ ಗುಡ್ಡದ ನೆರಳು ಅದರಲ್ಲಿ ಸರಿಯಾಗಿ ಮೂಡಿರುತ್ತದೆ ಅಂತ ನಂಬಬೇಡಿ. ಸರಿ ಅನ್ನಿಸಿದರೆ ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಒಂದು ಕೋಡ್ ಬರುತ್ತದೆ, ಅದು 4 ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಬಾಕಿ ಬಿಲ್ ಇರಬಾರದು. ಕೋಡ್ ಮತ್ತು ಆಧಾರ್ ತೆಗೆದುಕೊಂಡು ಅಂಗಡಿಗೆ ಬಂದರೆ ರಾಜ್ಯದೊಳಗಿನ ಪೋರ್ಟ್ ಸಾಮಾನ್ಯವಾಗಿ 3 ಕೆಲಸದ ದಿನಗಳಲ್ಲಿ ಆಗುತ್ತದೆ. ಹಳೇ ಸಿಮ್ ಸತ್ತು ಹೊಸದು ಜೀವ ಪಡೆಯುವ ನಡುವೆ ಸ್ವಲ್ಪ ಹೊತ್ತು ಯಾವುದೂ ಇರುವುದಿಲ್ಲ. ಒಟಿಪಿ ಬೇಕಾದ ಬ್ಯಾಂಕ್ ಕೆಲಸ, ಸೊಸೈಟಿ ಕೆಲಸ ಇದ್ದರೆ ಅದನ್ನು ಮುಗಿಸಿಕೊಂಡೇ ಬನ್ನಿ.